ಬಾಯಿ ತೆರೆದ ‘ವ’

ದೀಪಾವಳಿ ಸೂಟಿ ಮುಗಿದು ಶಾಲೆ ಮತ್ತೆ ಶುರುವಾದ ದಿನ ಹೆಡ್ ಅಕ್ಕೋರು ನನ್ನನ್ನು ಕರೆದು ಮೇಜಿನ ಮೇಲೆ ಆರು ನೋಟುಪುಸ್ತಕ ಇಟ್ಟರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತೇವೆ. ಇವರು ಶಾಲೆಯ ಮುಖ್ಯಸ್ಥೆ, ಅದಕ್ಕೆ ಹೆಡ್ ಅಕ್ಕೋರು. ಪುಸ್ತಕಗಳು ಎರಡನೇ ಇಯತ್ತೆಯ, ಅಂದರೆ ಎರಡನೇ ತರಗತಿಯ, ಆರು ಮಕ್ಕಳವು.

“ಇದನ್ನ ಓದ್ರಿ,” ಎಂದು ಒಂದು ಪುಟ ತೆರೆದರು.

‘ಅಪ್ಪ ರೊಟ್ಟಿ ಬಡಿದಳು’ ಎಂದಿತ್ತು. ಅದರ ಕೆಳಗೆ ‘ಪನದಲ್ಲಿ ನಪಿಲು ಇದೆ’ ಎಂದಿತ್ತು.

“ಯಾರ ಮನ್ಯಾಗ್ರಿ ಅಪ್ಪ ರೊಟ್ಟಿ ಬಡಿಯೂದು?” ಎಂದು ಅಕ್ಕೋರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆರೂ ಮಂದಿದು ಇದ ಹಾಡು. ಒಂದಕ್ಕೊಂದು ಹೋಲೂ ಅಕ್ಷರ ಬಂದ್ವು ಅಂದ್ರ ಎಲ್ಲಾ ಅದಲ್ ಬದಲ್. ದಿನಾ ಕಡೀ ತಾಸು ಇವರನ್ನ ನಿಮ್ಮ ಕಡೆ ಕಳಸ್ತೀನಿ. ನಿಮ್ಮ ಅಕ್ಷರ ಮುತ್ತಿನಂಗ ಅದಾವು. ನೋಡಿ ಕಲೀಲಿ,” ಎಂದರು.

ಮುತ್ತಿನ ಮಾತು ಕೇಳಿ ನನಗೆ ಖುಷಿಯಾಯಿತು. ಅದನ್ನು ಇಲ್ಲೇ ಬರೆದುಬಿಡುತ್ತೇನೆ. ಮುಂದೆ ಎರಡೂವರೆ ತಿಂಗಳು ನಾನು ತಪ್ಪು ಜಾಗದಲ್ಲಿ ಹುಡುಕಿದ್ದಕ್ಕೆ ಆ ಖುಷಿಯೂ ಒಂದು ಕಾರಣ.

ಶಾಲೆ ಬ್ಯಾಡಗಿಯಲ್ಲಿತ್ತು, ಸಣ್ಣದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಅಲ್ಲಿ ಕಾಯಂ ಶಿಕ್ಷಕನಲ್ಲ, ಸಹಾಯಕ. ಯಾರಾದರೂ ರಜೆ ಹಾಕಿದರೆ ಅವರ ತರಗತಿ ನೋಡುವುದು, ಹಿಂದೆ ಬಿದ್ದ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಅದಕ್ಕೆ ಮೊದಲು ಅದೇ ಊರಿನ ಮೆಣಸಿನಕಾಯಿ ಪೇಟೆಯಲ್ಲಿ, ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ, ಚೀಲಗಳಿಗೆ ಮಾರ್ಕಾ ಹಾಕುತ್ತಿದ್ದೆ. ಮಾರ್ಕಾ ಅಂದರೆ ತುಂಬಿ ಹೊಲಿದ ಗೋಣಿಚೀಲದ ಮೇಲೆ ಅಕ್ಷರ ಕೊರೆದ ತಗಡು ಇಟ್ಟು, ಕುಂಚದಿಂದ ಮಸಿ ಬಳಿದು ಅಂಗಡಿಯ ಹೆಸರು ಒತ್ತುವುದು. ಓದು ಶುರು ಮಾಡಿದ್ದು ಇಪ್ಪತ್ತು ದಾಟಿದ ಮೇಲೆ, ಕೆಲವು ವರ್ಷ ರಾಣೇಬೆನ್ನೂರಿನ ಹತ್ತಿ ಅಂಗಡಿಯಲ್ಲಿದ್ದಾಗ, ಅಲ್ಲಿನ ಸಂಜೆ ತರಗತಿಯಲ್ಲಿ.

ಶಾಲೆಯಲ್ಲಿ ಶಿಕ್ಷಕರ ಖೋಲಿ ಇತ್ತು. ಅಲ್ಲಿ ಕೂರಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ನಾನು ಕೂತರೆ ಮಾತು ತರಬೇತಿ ಕಾಲೇಜಿನ ಕಡೆ ಹೋಗುತ್ತಿತ್ತು. ಯಾರು ಯಾವ ವರ್ಷ ಮುಗಿಸಿದರು, ಯಾರ ಜೊತೆ ಹಾಸ್ಟೆಲಿನಲ್ಲಿದ್ದರು ಅಂತ. ಅದರಲ್ಲಿ ನನಗೆ ಹೇಳಲು ಏನೂ ಇರಲಿಲ್ಲ. ನೀರಿನ ಟಾಕಿಯ ನೆರಳಲ್ಲಿ ಬುತ್ತಿ ಬಿಚ್ಚುವುದು ರೂಢಿಯಾಯಿತು. ಪೇಟೆಯ ಕಡೆ ಹೋದರೆ ಹಳೆಯ ಹಮಾಲ ಗೆಳೆಯರು ಚೀಲದ ಸಾಲಿಗೆ ಒರಗಿ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಅವರಲ್ಲೊಬ್ಬ, ನನ್ನ ಜೊತೆ ಹತ್ತು ವರ್ಷ ಚೀಲ ಉರುಳಿಸಿದವನು, “ಬರ್ರಿ ಸರ, ಈಗ ಹುಡುಗೂರಿಗೆ ಮಾರ್ಕಾ ಹೊಡ್ಯಾಕತ್ತೀರಂತ?” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಒಂದು ಚಹಾವನ್ನು ಎರಡು ಬಸಿಯಲ್ಲಿ ಹಂಚಿಕೊಳ್ಳುತ್ತಿದ್ದವನು ನನಗೆ ಪೂರ್ತಿ ಕಪ್ ತರಿಸುತ್ತಿದ್ದ. ಅದು ಮರ್ಯಾದೆ ಎಂದು ಗೊತ್ತಿತ್ತು. ಕುಡಿದು ಎದ್ದು, ಸೈಕಲ್ ಹತ್ತಿ, ಮೋಟೆಬೆನ್ನೂರಿನ ನನ್ನ ಒಂಟಿ ಖೋಲಿಗೆ ಹೋಗುತ್ತಿದ್ದೆ.

ವರಾಂಡದ ತುದಿಯಲ್ಲಿ ಮುರಿದ ಬೆಂಚು ತುಂಬಿದ ಉಗ್ರಾಣ ಇತ್ತು. ಬೆಂಚುಗಳನ್ನು ಒಂದು ಗೋಡೆಗೆ ಸರಿಸಿ, ಗಟ್ಟಿ ಇದ್ದ ಎರಡನ್ನು ಹಾಕಿ, ಹಳೆಯ ಕರಿಹಲಗೆಗೆ ಇದ್ದಿಲು ಹಚ್ಚಿ, ಆರು ಮಕ್ಕಳನ್ನು ಕೂರಿಸಿಕೊಂಡೆ.

ಮೊದಲ ಎರಡು ವಾರ ಕಲಿಸಲಿಲ್ಲ, ಬರೀ ತಪ್ಪು ಎಣಿಸಿದೆ. ಒಂದು ಹಾಳೆಯಲ್ಲಿ ಗೆರೆ ಹಾಕಿ, ಯಾವ ಅಕ್ಷರದ ಬದಲು ಯಾವುದು ಬರುತ್ತದೆ ಎಂದು ಗುರುತು ಮಾಡಿದೆ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ತಪ್ಪುತ್ತಿದ್ದವು, ಆದರೆ ಅದು ಬೇರೆ ಥರದ ತಪ್ಪು. ಕೆಳಗಿನ ಸಣ್ಣ ಗೀಟು ಮರೆಯುತ್ತಿದ್ದರು. ನೆನಪು ಮಾಡಿದರೆ ಹಾಕುತ್ತಿದ್ದರು. ದೊಡ್ಡ ತೊಡಕು ‘ಪ’ ಮತ್ತು ‘ವ’ದ್ದೇ. ಎರಡಕ್ಕೂ ಮೈ ಒಂದೇ ಥರ. ‘ವ’ದ ಬಾಯಿ ಮುಚ್ಚಿರುತ್ತದೆ, ‘ಪ’ದ ಬಾಯಿ ತೆರೆದಿರುತ್ತದೆ, ಅಷ್ಟೇ ವ್ಯತ್ಯಾಸ.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಲಿಲ್ಲ. ಪಾಠದ ಪುಸ್ತಕ ತೆರೆದು ಬೆರಳಿಟ್ಟು ಕೇಳಿದರೆ ಆರೂ ಮಕ್ಕಳು ‘ಪ’ ಯಾವುದು ‘ವ’ ಯಾವುದು ಎಂದು ತಪ್ಪದೆ ಹೇಳುತ್ತಿದ್ದರು. ಬರೆಯಲು ಹೇಳಿದರೆ ಮಾತ್ರ ‘ವ’ದ ಜಾಗದಲ್ಲಿ ‘ಪ’ ಬರುತ್ತಿತ್ತು. ‘ಪ’ದ ಜಾಗದಲ್ಲಿ ‘ವ’ ಬರುತ್ತಿದ್ದದ್ದು ಅಪರೂಪ. ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಬರೆದುಕೊಂಡು ಸುಮ್ಮನಾದೆ. ಹೇಳಿ ಚರ್ಚೆ ಮಾಡಲು ಯಾರೂ ಇರಲಿಲ್ಲ.

ಹಾವೇರಿಯಲ್ಲಿ ಒಂದು ದಿನದ ತರಬೇತಿ ಇತ್ತು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೋಲುವ ಅಕ್ಷರಗಳನ್ನು ಪಕ್ಕ ಪಕ್ಕ ಬರೆದು ಎರಡು ಬಣ್ಣ ಹಾಕಿ ತೋರಿಸಿದರೆ ಮಕ್ಕಳು ವ್ಯತ್ಯಾಸ ಹಿಡಿಯುತ್ತಾರೆ ಎಂದು ಅಲ್ಲಿ ಹೇಳಿದರು. ಮರುದಿನವೇ ಕೆಂಪು ಸೀಮೆಸುಣ್ಣದಲ್ಲಿ ‘ಪ’, ನೀಲಿಯಲ್ಲಿ ‘ವ’ ಬರೆದೆ. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಿಳಿ ಸೀಮೆಸುಣ್ಣ ಹಿಡಿದು, “ವನ ಬರೀರಿ,” ಎಂದೆ.

ಮುಂದಿನ ಬೆಂಚಿನ ಹುಡುಗ ಕಡ್ಡಿ ಹಿಡಿದು ಕೂತೇ ಇದ್ದ. “ಸರ, ಕೆಂಪಂದೋ, ನೀಲೀದೋ?”

ಬಣ್ಣ ಕಲಿತಿದ್ದರು. ಅಕ್ಷರ ಇದ್ದಲ್ಲೇ ಇತ್ತು.

ಆಮೇಲೆ ನನಗೇ ಒಂದು ವಿಚಾರ ಹೊಳೆಯಿತು. ಒರಟು ಬಟ್ಟೆಯ ಮೇಲೆ ಬೆರಳಿನಿಂದ ತೀಡಿದರೆ ಕೈಗೆ ನೆನಪು ಉಳಿಯಬಹುದು. ಹಳೆಯ ಅಂಗಡಿಗೆ ಹೋಗಿ ಹರಿದ ಗೋಣಿಚೀಲ ಕೇಳಿ ತಂದೆ. ಆರು ತುಂಡು ಕತ್ತರಿಸಿ, ಸುಣ್ಣದಲ್ಲಿ ದೊಡ್ಡದಾಗಿ ಅಕ್ಷರ ಬರೆದು ಮಕ್ಕಳ ಮುಂದೆ ಇಟ್ಟೆ. ಹದಿನೈದು ವರ್ಷ ಆ ಚೀಲಗಳ ನಡುವೆ ಇದ್ದವನಿಗೆ ಒಂದು ವಿಷಯ ಹೊಳೆಯಲೇ ಇಲ್ಲ, ಅದರ ನೂಲಿನೊಳಗೆ ಮೆಣಸಿನಕಾಯಿಯ ಪುಡಿ ಕೂತಿರುತ್ತದೆ ಎಂಬುದು. ನನಗೆ ಆ ಘಾಟು ಘಾಟೇ ಅಲ್ಲ. ಮಕ್ಕಳು ಎರಡು ಸಲ ತೀಡುವಷ್ಟರಲ್ಲಿ ಒಬ್ಬ ಸೀನಿದ, ಆಮೇಲೆ ಎಲ್ಲರೂ ಸೀನಿದರು. ಒಬ್ಬಳು ಅದೇ ಬೆರಳಲ್ಲಿ ಕಣ್ಣು ಒರೆಸಿಕೊಂಡು ಚೀರಿದಳು. ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಕಣ್ಣಿಗೆ ನೀರು ಹಾಕಿದೆವು. ಎಲ್ಲ ಖೋಲಿಗಳ ಬಾಗಿಲಲ್ಲಿ ಅಕ್ಕೋರುಗಳು ಬಂದು ನಿಂತು ನೋಡಿದರು.

“ಇದು ಸಾಲಿ ಐತ್ರಿ, ಅಡತಿ ಅಂಗಡಿ ಅಲ್ಲ,” ಎಂದರು ಹೆಡ್ ಅಕ್ಕೋರು, ಮಕ್ಕಳ ಮುಂದೆಯೇ. ಸಂಜೆ ಕರೆದು ಸಮಾಧಾನದಿಂದಲೇ ಹೇಳಿದರು. ಮಾರ್ಚಿನಲ್ಲಿ ತಾವೇ ಹತ್ತು ಶಬ್ದ ಹೇಳಿ ಬರೆಸುತ್ತಾರೆ. ಎರಡಕ್ಕಿಂತ ಹೆಚ್ಚು ತಪ್ಪಿದವರು ಮುಂದಿನ ವರ್ಷವೂ ಎರಡನೇ ಇಯತ್ತೆಯಲ್ಲೇ ಕೂರಬೇಕು. “ಮೂರನೇತ್ತೆಗೆ ಹಂಗ ದಬ್ಬಿದ್ರ ಅಲ್ಲಿ ಏನ್ ಮಾಡ್ತಾವು ಪಾಪ?”

ಅದು ನ್ಯಾಯವೇ. ಆದರೆ ಮರುದಿನ, ಕಣ್ಣು ಒರೆಸಿಕೊಂಡು ಚೀರಿದ್ದ ಹುಡುಗಿ ತರಗತಿ ಮುಗಿದ ಮೇಲೂ ಕೂತಿದ್ದಳು. ಎಂಟು ವರ್ಷ, ಎರಡು ಜಡೆ, ಒಂದರ ರಿಬ್ಬನ್ ಯಾವಾಗಲೂ ಬಿಚ್ಚಿರುತ್ತಿತ್ತು. ‘ಅಪ್ಪ ರೊಟ್ಟಿ ಬಡಿದಳು’ ಎಂದು ಬರೆದವಳು ಅವಳೇ.

“ಕಣ್ಣು ಉರಿತೈತೇನವಾ?”

“ಇಲ್ರಿ.” ಬಿಚ್ಚಿದ ರಿಬ್ಬನ್ ಬೆರಳಿಗೆ ಸುತ್ತುತ್ತಾ, “ಸರ, ನಾಪಾಸಾದ್ರ ನಮ್ಮ ತಮ್ಮನ ಕೂಡ ಕುಂದರಸ್ತಾರೇನ್ರಿ?”

ಅವಳ ತಮ್ಮ ಒಂದನೆಯದರಲ್ಲಿದ್ದ. ಜೂನಿನಲ್ಲಿ ಎರಡನೆಯದಕ್ಕೆ ಬರುತ್ತಾನೆ. ನನಗೆ ಇಲ್ಲ ಎನ್ನಲಾಗಲಿಲ್ಲ.

“ಅವನ ಬಾಜೂಕ ನಾ ಕುಂದ್ರಾಂಗಿಲ್ರಿ. ಸಾಲೀನ ಬಿಡ್ತೇನಿ. ಅವ್ವನ ಕೂಡ ಕಾಯಿ ಬಿಡಸಾಕ ಹೋಗ್ತೇನಿ.”

ಅವಳ ಅವ್ವ ಪೇಟೆಯ ಪಕ್ಕದ ಕಣದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದರು. ಒಂದು ದಿನ ಗೇಟಿನ ಹತ್ತಿರ ಸಿಕ್ಕಾಗ ನಾನೇ ಮಾತು ತೆಗೆದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, “ಆಕಿ ಹೇಳಿದ್ರ ಹೇಳಿದಂಗ್ರಿ ಸರ. ಹಟಮಾರಿ. ಆ ಹುಡುಗ ಈಗಿಂದನ ದಡ್ಡಿ ದಡ್ಡಿ ಅಂತ ಕುಣೀತೈತಿ. ನನಗ ಓದಾಕ ಬರಾಂಗಿಲ್ಲ, ಏನರ ಹೇಳಿಕೊಡಬೇಕಂದ್ರ. ನಿಮ್ಮನ್ನ ಬಿಟ್ರ ಆಕೀಗೆ ಯಾರ ಅದಾರ್ರಿ?” ಎಂದರು.

ಆ ಮಾತು ಅಂದು ನನಗೆ ಹೊಗಳಿಕೆಯಂತೆ ಕೇಳಿಸಿತು. ಅದರಲ್ಲೇ ಉತ್ತರ ಇತ್ತು ಎಂದು ಗೊತ್ತಾಗಲು ಇನ್ನೂ ಒಂದು ತಿಂಗಳು ಬೇಕಾಯಿತು.

ಜನವರಿ ಬಂತು. ಪೇಟೆಗೆ ಮಾಲು ಬರುವ ದಿನ ಊರಿಗೆ ಊರೇ ಕೆಮ್ಮುವ ಕಾಲ ಅದು. ಉಪಾಯವೆಲ್ಲ ಮುಗಿದಿದ್ದರಿಂದ ನಾನು ಹಲಗೆಯ ಮೇಲೆ ದೊಡ್ಡ ‘ವ’ ಬರೆದು, ಪಾಟಿಯಲ್ಲಿ, ಅಂದರೆ ಸ್ಲೇಟಿನಲ್ಲಿ, ನೂರು ಸಲ ತಿದ್ದಿರಿ ಎನ್ನುತ್ತಿದ್ದೆ. ತಿದ್ದಿದಷ್ಟೂ ತಪ್ಪು ಗಟ್ಟಿಯಾಗುತ್ತಿತ್ತು. ಒಂದು ದಿನ ಆ ಹುಡುಗಿಯ ಪಾಟಿ ನೋಡಿ ನನಗೆ ಸಿಟ್ಟು ಬಂತು.

“ಇದು ಯಾವ ಅಕ್ಷರಾ?”

“ವ, ಸರ.”

“ಮತ್ತ ಇದರ ಬಾಯಿ ಯಾಕ ತಗದೀ? ಎಷ್ಟು ಸಲ ಹೇಳಬೇಕು? ಬಾಯಿ ತಗದ್ರ ಪ ಆಕ್ಕೈತಿ.”

ಅವಳು ಪಾಟಿ ನೋಡಿದಳು, ಹಲಗೆ ನೋಡಿದಳು, ಮತ್ತೆ ಪಾಟಿ ನೋಡಿದಳು. “ನಿಮ್ದೂ ತಗದೈತಲ್ರಿ.”

“ಎಲ್ಲಿ?”

ಎದ್ದು ಬಂದಳು. ಕೈ ಎಟುಕಲಿಲ್ಲ. ಒಂದು ಬೆಂಚು ಎಳೆದು ಹತ್ತಿ, ನನ್ನ ‘ವ’ದ ಎಡಗಡೆಯ ಮೇಲ್ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಗೆರೆ ಕೂಡಿರಲಿಲ್ಲ. ಒಂದು ಅಕ್ಕಿಕಾಳು ಹಿಡಿಯುವಷ್ಟು ಸಂದು ಇತ್ತು. “ಇಲ್ಲೂ ಐತ್ರಿ, ಇಲ್ಲೂ ಐತ್ರಿ,” ಎಂದು ಹಲಗೆಯ ಮೇಲಿದ್ದ ಒಂದೊಂದೇ ‘ವ’ವನ್ನು ಮುಟ್ಟಿ ತೋರಿಸಿದಳು. ಎಲ್ಲವುಗಳಲ್ಲೂ, ಅದೇ ಜಾಗದಲ್ಲಿ.

ಸುಣ್ಣ ಜಾರಿರಬೇಕು ಎಂದು ಒರೆಸಿ ಮತ್ತೆ ಬರೆದೆ. ಬಾಯಿ ಮುಚ್ಚಬೇಕೆಂದೇ ಬರೆದೆ. ಆ ಮೂಲೆಗೆ ಬಂದಾಗ ಕೈ ತಾನಾಗಿ ಎದ್ದಿತು, ಸ್ವಲ್ಪ ದಾಟಿ ಇಳಿಯಿತು. ಸಂದು ಇತ್ತು.

“ಸರೂ ನಾಪಾಸ್!” ಎಂದ ಮುಂದಿನ ಬೆಂಚಿನವ. ಎಲ್ಲರೂ ಕುಣಿದು ನಕ್ಕರು.

ಸಂಜೆ ಮೋಟೆಬೆನ್ನೂರಿನ ಖೋಲಿಗೆ ಹೋಗಿ ಟ್ರಂಕು ತೆರೆದೆ. ನನ್ನ ಅರ್ಜಿಗಳ ನಕಲು, ಸಂಜೆ ತರಗತಿಯ ನೋಟುಪುಸ್ತಕ, ಅಕ್ಕನಿಗೆ ಬರೆದು ಕಳಿಸದೆ ಉಳಿದ ಕಾಗದ ಎಲ್ಲ ಹರವಿದೆ. ಒಂದೂ ‘ವ’ ಮುಚ್ಚಿರಲಿಲ್ಲ. ಹತ್ತು ವರ್ಷದಿಂದ ಬರೆಯುತ್ತಿದ್ದೆ, ಯಾರೂ ಹೇಳಿರಲಿಲ್ಲ. ದೊಡ್ಡವರು ಶಬ್ದ ಓದುತ್ತಾರೆ, ಅಕ್ಷರದ ಮೂಲೆ ನೋಡುವುದಿಲ್ಲ. ಇದನ್ನು ಈಗ ಕಂಪ್ಯೂಟರಿನಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದೇನೆ. ಇಲ್ಲಿ ‘ವ’ ತಾನಾಗಿ ಮುಚ್ಚಿಕೊಂಡು ಬರುತ್ತದೆ. ಆಗ ಅಂಥದ್ದು ಇರಲಿಲ್ಲ.

ಭಾನುವಾರ ಪೇಟೆಗೆ ಹೋದೆ. ಅಂಗಡಿಯ ಹಿಂದಿನ ಗೋಡೆಯ ಮಾಡದಲ್ಲಿ, ಮಸಿ ಹಿಡಿದ ಕುಂಚಗಳ ಪಕ್ಕದಲ್ಲಿ, ನಾನೇ ಕೊರೆದ ಮಾರ್ಕಾದ ತಗಡು ಇನ್ನೂ ಇತ್ತು. ಹಮಾಲ ಗೆಳೆಯ ನೋಡುತ್ತಾ ನಿಂತ. ಅವನಿಗೆ ತಗಡು ಎತ್ತಿ ಬೆಳಕಿಗೆ ಹಿಡಿದು ತೋರಿಸಿದೆ.

ತಗಡಿನಲ್ಲಿ ಅಕ್ಷರ ಕೊರೆಯುವಾಗ ಒಂದು ನಿಯಮ ಇದೆ. ಮುಚ್ಚಿದ ಅಕ್ಷರವನ್ನು ಪೂರ್ತಿ ಸುತ್ತ ಕೊರೆದರೆ ನಡುವಿನ ತಗಡು ಕಳಚಿ ಬಿದ್ದುಹೋಗುತ್ತದೆ. ಒತ್ತಿದರೆ ಮಸಿಯ ಮುದ್ದೆ ಮೂಡುತ್ತದೆ. ಅದಕ್ಕೆ ಒಂದು ಕಡೆ ಸಣ್ಣ ಕೊಂಡಿ ಬಿಡಬೇಕು, ನಡುವಿನ ತುಂಡು ಹಿಡಿದು ನಿಲ್ಲಲು. ಚೀಲದ ಮೇಲೆ ಆ ಜಾಗದಲ್ಲಿ ಮಸಿ ಬೀಳುವುದಿಲ್ಲ, ಸಂದು ಉಳಿಯುತ್ತದೆ. ಅಂಗಡಿಯ ಹೆಸರಲ್ಲಿ ಎರಡು ‘ವ’ ಇದ್ದವು. ಎರಡಕ್ಕೂ ನಾನು ಎಡಗಡೆಯ ಮೇಲ್ಮೂಲೆಯಲ್ಲಿ ಕೊಂಡಿ ಬಿಟ್ಟಿದ್ದೆ. ಓದು ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಅದು ಅಕ್ಷರ ಎಂದೂ ಸರಿಯಾಗಿ ತಿಳಿಯದೆ, ಚಿತ್ರ ಎಂದುಕೊಂಡು, ದಿನಕ್ಕೆ ನೂರಾರು ಸಲ ಅದನ್ನೇ ನೋಡಿ, ಬಿಡುವಿದ್ದಾಗ ನೆಲದ ಮೇಲೆ ಕಡ್ಡಿಯಿಂದ ಅದನ್ನೇ ಬರೆದು, ಕೈಗೆ ಕಲಿಸಿಕೊಂಡಿದ್ದೆ. ಕೊಂಡಿಯ ಸಮೇತ.

“ಅದಕ್ಕೇನಾತೀಗ?” ಎಂದ ಗೆಳೆಯ. “ಹದಿನೈದು ವರ್ಷ ಮಾಲು ಮುಂಬೈ ಮಟ ಹೋಗೇತಿ. ಒಬ್ಬನೂ ವಾಪಸ್ ಕಳಸಿಲ್ಲ.”

“ಚೀಲಕ್ಕ ಏನೂ ಆಗಿಲ್ಲೋ,” ಎಂದೆ. ಮುಂದಿನದನ್ನು ಹೇಳಲಿಲ್ಲ. ಹಿಂದಿನ ವರ್ಷ ಒಂದನೇ ಇಯತ್ತೆಯ ಅಕ್ಕೋರು ಹೆರಿಗೆ ರಜೆ ಹಾಕಿದಾಗ ಅರ್ಧ ವರ್ಷ ಅಕ್ಷರ ತಿದ್ದಿಸಿದ್ದು ನಾನು. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರು. ಉಳಿದವರಿಗೆ ಮನೆಯಲ್ಲಿ ಅಪ್ಪನೋ ಅಕ್ಕನೋ ಇದ್ದರು, ಕೂರಿಸಿಕೊಂಡು ಸರಿ ಮಾಡಿದ್ದರು. ಈ ಆರು ಮಕ್ಕಳ ಮನೆಯಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲ. ಅವರು ನೋಡಿದ್ದು ನನ್ನ ಕೈ ಒಂದನ್ನೇ. ನಂಬಿ, ಇದ್ದದ್ದನ್ನು ಇದ್ದಂತೆ ಬರೆದಿದ್ದರು.

ಅದೇ ಮಧ್ಯಾಹ್ನ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಸಂಜೆ ತರಗತಿಯ ಮಾಸ್ತರರಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

“ನೀವು ನನಗ ಅಕ್ಷರ ಬರಸೂ ಮುಂದ ಇದು ಕಾಣಲಿಲ್ಲೇನ್ರಿ ಮಾಸ್ತರ?”

“ನಾ ಎಲ್ಲಿ ಬರಸೇನೋ ನಿನಗ? ಬಾಕೀ ಮಂದಿ ಗೆರಿ ಎಳ್ಯಾಕ ಒದ್ದಾಡೂ ಮುಂದ ನೀ ಅಂಗಡಿ ಬೋರ್ಡ್ ಬರದಂಗ ಬರೀತಿದ್ದಿ. ಇವಂಗ ಬರಿಯೂದು ಬರತೈತಿ ಅಂತ ನಾ ನಿನ್ನ ಸೀದಾ ಓದಾಕ ಹಚ್ಚಿದೆ. ಕೈ ಹಿಡದು ತಿದ್ದಸಲಿಲ್ಲ.”

“ಹಂಗಾರ ನನ್ನ ಕೈ ಯಾರೂ ಹಿಡದಿಲ್ಲ.”

ನಮ್ಮಲ್ಲಿ ಮಗುವಿಗೆ ಮೊದಲ ಅಕ್ಷರ ಬರೆಸುವಾಗ ಯಾರಾದರೂ ಹಿರಿಯರು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಕೈ ತಮ್ಮ ಕೈಯೊಳಗೆ ಹಿಡಿದು ಬರೆಸುತ್ತಾರೆ. ಅದನ್ನು ನಾನು ಬೇರೆಯವರ ಮನೆಗಳಲ್ಲಿ ನೋಡಿದ್ದೆ. ಎಲ್ಲರಿಗೂ ಆಗುವ ಸಾಮಾನ್ಯ ಸಂಗತಿ ಎಂದುಕೊಂಡಿದ್ದೆ, ನನಗೆ ಆಗಿಲ್ಲ ಎಂದು ಅಂದಿನವರೆಗೆ ಯೋಚಿಸಿರಲಿಲ್ಲ.

“ಇಲ್ಲಿ ಬಾ,” ಎಂದರು ಮಾಸ್ತರರು. ಮೊಮ್ಮಗಳ ಪಾಟಿ ತರಿಸಿದರು. ಮೂವತ್ತೆರಡು ವರ್ಷದ ನನ್ನ ಕೈಯನ್ನು ಅವರ ನಡುಗುವ ಕೈ ಹಿಡಿಯಿತು. “ಕಡ್ಡಿ ಎತ್ತಬ್ಯಾಡ. ತಲೆಕಟ್ಟು ಕಡೀಕ. ಮೈ ಒಂದ ಎಳತಕ್ಕ. ಹ್ಞಾಂ, ಹೊಂಟೀ, ಇಳದೀ, ಏರಿದೀ, ಈಗ ಹೊಂಟಲ್ಲಿಗೆ ಬಾ. ಬಾ... ಎತ್ತಬ್ಯಾಡ ಅಂದ್ನಿಲ್ಲ? ಬಾ.”

ಗೆರೆ ನಡುಗಿತ್ತು, ಆದರೆ ಕೂಡಿತ್ತು. ನನ್ನ ಮೊದಲನೆಯ ಪೂರ್ತಿ ‘ವ’ ಅದು. ನಾಲ್ಕು ಸಲ ಬರೆಸಿದರು. ಆಮೇಲೆ ‘ಪ’ ಬರೆಸಿ ಹೇಳಿದರು: “ಇದು ಹೊಂಟಲ್ಲಿಗೆ ಬರೂದಿಲ್ಲ. ಹ್ವಾದಲ್ಲೆ ನಿಂದರತೈತಿ. ಕಣ್ಣಿಗೆ ಒಂದ ಥರಾ ಕಾಣ್ತಾವು, ಆದ್ರ ಕೈಗೆ ಎರಡೂ ಬ್ಯಾರೆ ದಾರಿ ನೋಡು.”

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಬರೆಯುತ್ತಾ ಬಂದೆ. ಮೂರು ಸರಿಯಾದವು, ನಾಲ್ಕನೆಯದಕ್ಕೆ ಮತ್ತೆ ಬೆರಳು ಎದ್ದಿತು.

ಸೋಮವಾರ ಹೆಡ್ ಅಕ್ಕೋರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ನನ್ನ ರಜೆ ಚೀಟಿಯೊಂದನ್ನು ಫೈಲಿನಿಂದ ತೆಗೆದು ಕನ್ನಡಕ ಏರಿಸಿ ನೋಡಿದರು.

“ಖರೇ ಐತಲ್ರಿ. ಇಷ್ಟು ದಿವಸ ನಮ್ಮ ಕಣ್ಣಿಗೂ ಬೀಳಲಿಲ್ಲ ನೋಡ್ರಿ,” ಎಂದರು. ನನ್ನನ್ನು ತೆಗೆದುಹಾಕುತ್ತಾರೆ ಎಂದು ನಿಂತಿದ್ದೆ. ಅದರ ಮಾತೇ ಬರಲಿಲ್ಲ. “ಆದ್ರ ಮಕ್ಕಳ ಮುಂದ ಹೇಳಬ್ಯಾಡ್ರಿ. ಸುಮ್ನ ತಿದ್ದಿಕೊಂಡು ಬರೀರಿ. ಸರೇ ತಪ್ಪು ಕಲಸಿದ್ರು ಅಂದ್ರ ಕಿಮ್ಮತ್ತು ಉಳಿಯಾಂಗಿಲ್ಲ.”

“ಹೂಂನ್ರಿ,” ಎಂದು ಹೊರಗೆ ಬಂದೆ. ಅವತ್ತು ಮಧ್ಯಾಹ್ನ ಟಾಕಿಯ ಕೆಳಗೆ ಬುತ್ತಿ ಬಿಚ್ಚಿ ಕೂತು, ರೊಟ್ಟಿ ಮುರಿಯದೆ ಯೋಚಿಸಿದೆ. ಮಕ್ಕಳಿಗೆ ಹೇಳದಿದ್ದರೆ ಅವರು ತಮ್ಮ ಕೈಯೇ ದಡ್ಡ ಎಂದುಕೊಳ್ಳುತ್ತಾರೆ. ಆ ಹುಡುಗಿಯಂತೂ ತಾನು ದಡ್ಡಿ ಎಂದು ನಂಬಿಯೇ ಬಿಟ್ಟಿದ್ದಳು. ಕಿಮ್ಮತ್ತು ಹೋದರೆ ನನ್ನದು ಹೋಗಲಿ ಎಂದು ತೀರ್ಮಾನಿಸಿದೆ.

ಕೊನೆಯ ತಾಸಿಗೆ ಆರು ಮಕ್ಕಳು ಬಂದರು. ಹಲಗೆಯ ಮೇಲೆ ನನ್ನ ಹಳೆಯ ‘ವ’ ಬರೆದು, “ಇದು ತಪ್ಪು ಐತಿ,” ಎಂದೆ. “ನಾ ನಿಮಗ ತಪ್ಪು ಕಲಸೇನಿ. ನೀವು ನಾ ಬರದಂಗ ಬರದೀರಿ. ನಿಮ್ಮದೇನೂ ತಪ್ಪಿಲ್ಲ. ಈಗ ನಾನೂ ಹೊಸದಾಗಿ ಕಲಿಯಾಕತ್ತೇನಿ. ಇನ್ನ ಮ್ಯಾಲೆ ನಾ ಬರದಾಗ ಬಾಯಿ ತಗದಿತ್ತಂದ್ರ ನೀವು ಹಿಡೀಬೇಕು.”

ಯಾರೂ ನಗಲಿಲ್ಲ. ಹುಡುಗಿ ಕೇಳಿದಳು: “ಮತ್ತ ನಿಮ್ಮನ್ನ ಯಾರ ಕೂಡ ಕುಂದರಸ್ತಾರ್ರಿ?”

“ನಿಮ್ಮ ಕೂಡನ,” ಎಂದೆ.

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಮೂರು ವಾರ ‘ಪ’ದ ಹೆಸರು ಎತ್ತಲಿಲ್ಲ, ಹಲಗೆಯ ಮೇಲೆ ‘ವ’ ಒಂದೇ. ಮೊದಲು ಪಾಟಿಯೂ ಇಲ್ಲ. ಆಟದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎತ್ತಿನ ಬಂಡಿಯಷ್ಟು ದೊಡ್ಡ ‘ವ’ ಹಾಕಿದೆ. ಹೊರಡುವ ಜಾಗದಲ್ಲಿ ಒಂದು ಚಪ್ಪಲಿ ಬಿಡಬೇಕು, ಗೆರೆಯ ಮೇಲೆ ನಡೆದು, ತಿರುಗಿ ಬಂದು ಅದೇ ಚಪ್ಪಲಿಯೊಳಗೆ ಕಾಲು ಹಾಕಬೇಕು. ಒಂದು ಕಾಲು ಸುಡುವ ನೆಲದ ಮೇಲೆ, ಒಂದು ಚಪ್ಪಲಿಯಲ್ಲಿ, ಕುಂಟುತ್ತಾ ನಡೆಯುತ್ತಿದ್ದರು. ನಡುವೆ ನಿಲ್ಲುವ ಹಾಗಿರಲಿಲ್ಲ, ನಿಂತರೆ ಕಾಲು ಸುಡುತ್ತಿತ್ತು. ನಾನೂ ನಡೆದೆ. ಶಿಕ್ಷಕರ ಖೋಲಿಯ ಕಿಟಕಿಯಲ್ಲಿ ಮುಖಗಳು ಕಾಣುತ್ತಿದ್ದವು. ಆಮೇಲೆ ಗಾಳಿಯಲ್ಲಿ, ಇಡೀ ತೋಳು ಬೀಸಿ ಬರೆದೆವು. ಆಮೇಲೆ ಒಬ್ಬೊಬ್ಬರ ಕೈ ಹಿಡಿದು ಪಾಟಿಯ ಮೇಲೆ. ‘ವ’ ಗಟ್ಟಿಯಾದ ಮೇಲೆ ಅದಕ್ಕೆ ಬಲಗಡೆ ಬಾಲ ಹಚ್ಚಿ ‘ಮ’. ನಾಲ್ಕನೆಯ ವಾರ ‘ಪ’: ಚಪ್ಪಲಿ ಬಿಟ್ಟು ಹೊರಡಬೇಕು, ಆಚೆ ತುದಿಯಲ್ಲಿ ನಿಂತುಬಿಡಬೇಕು. ಚಪ್ಪಲಿ ದೂರದಲ್ಲೇ ಉಳಿಯುತ್ತದೆ.

‘ಪ’ ಬಂದ ವಾರ ಮತ್ತೆ ಕೆಟ್ಟಿತು. ಮೂವರು ಹಳೆಯದಕ್ಕೆ ಹೋದರು. ಆ ಹುಡುಗಿ ಬೇರೆ ಕಡೆಗೆ ಜಾರಿದಳು. ಭಯಕ್ಕೆ ಎಲ್ಲವನ್ನೂ ಮುಚ್ಚತೊಡಗಿದಳು. ‘ವಾಟಿ’ ಎಂದು ಬರೆದು ಪಾಟಿ ಎಂದು ಓದಿದಳು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ನಾನು ಹೊಸ ಉಪಾಯ ಏನೂ ಮಾಡಲಿಲ್ಲ. ಹಲಗೆಯ ಮೇಲೆ ದಿನಾ ಇಪ್ಪತ್ತು ಶಬ್ದ ಬರೆದು, ನನ್ನ ತಪ್ಪು ಹಿಡಿಯುವ ಕೆಲಸ ಅವಳಿಗೆ ಕೊಟ್ಟೆ. ಬೇಕೆಂದು ತಪ್ಪು ಮಾಡುವ ಅಗತ್ಯ ಇರಲಿಲ್ಲ. ನನ್ನ ಕೈ ದಿನಕ್ಕೆ ಮೂರು ನಾಲ್ಕು ಸಲ ತಾನಾಗಿ ಎದ್ದೇಳುತ್ತಿತ್ತು. ಅವಳು ಬೆಂಚಿನ ಮೇಲೆ ನಿಂತು ಸುಣ್ಣ ಹಿಡಿದು ಕಾಯುತ್ತಿದ್ದಳು. “ಸರ, ಬಾಯಿ!” ಎಂದು ಕೂಗಿ ಗೆರೆ ಕೂಡಿಸುತ್ತಿದ್ದಳು. ‘ಪ’ ಬಂದರೆ ಕೈ ಚಾಚಿ, ತಡೆದು, ಮುಟ್ಟದೆ ಬಿಡುತ್ತಿದ್ದಳು. ಆ ತಡೆಯುವುದನ್ನು ನೋಡಿದ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಮಾರ್ಚಿನಲ್ಲಿ ಹೆಡ್ ಅಕ್ಕೋರು ಆರು ಮಕ್ಕಳನ್ನು ತಮ್ಮ ಆಫೀಸಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಒಳಗೆ ಬರಬೇಡಿ ಎಂದಿದ್ದರು. ವರಾಂಡದಲ್ಲಿ ನಿಂತೆ. ಅವರು ಹೇಳುವ ಶಬ್ದ ಕೇಳಿಸುತ್ತಿತ್ತು. “ನವಿಲು... ಪವನ... ಹೂವು... ಅಪ್ಪ...” ಒಂದೊಂದಕ್ಕೂ ನಾನು ಗೋಡೆಯ ಮೇಲೆ ಬೆರಳು ಆಡಿಸಿದೆ. ಹತ್ತನೆಯದು ‘ಅವ್ವ’.

ಐವರು ಪಾಸಾದರು. ಒಬ್ಬ ಹುಡುಗ ಮೂರು ತಪ್ಪಿ ಉಳಿದುಕೊಂಡ. ಅದೇ ‘ಸರೂ ನಾಪಾಸ್’ ಎಂದವನು. ಅವನಿಗೆ ಜೂನಿನಲ್ಲಿ ಮತ್ತೆ ಮೊದಲಿನಿಂದ ಕೈ ಹಿಡಿಯಬೇಕಾಯಿತು. ಹುಡುಗಿಯದು ಒಂದೇ ತಪ್ಪು, ಅದೂ ‘ಧ’ದ ಗೀಟು. ಅಕ್ಕೋರು ಅವಳ ಹಾಳೆ ನನಗೆ ಕೊಟ್ಟರು. ‘ಅವ್ವ’ದ ಬಾಯಿ ಎಷ್ಟು ಜೋರಾಗಿ ಮುಚ್ಚಿದ್ದಳೆಂದರೆ ಪೆನ್ಸಿಲಿನ ಮೊನೆ ಹಾಳೆ ತೂರಿತ್ತು.

ಬೇಸಿಗೆ ಸೂಟಿ ಎರಡು ತಿಂಗಳು ಮೋಟೆಬೆನ್ನೂರಿನ ಖೋಲಿಯಲ್ಲಿ ಕಳೆದೆ. ಮಾತಾಡಲು ಯಾರೂ ಬರಲಿಲ್ಲ. ದಿನಾ ಬೆಳಿಗ್ಗೆ ಒಂದು ಪುಟ ಬರೆಯುತ್ತಿದ್ದೆ.

ಜೂನಿನಲ್ಲಿ ಶಾಲೆ ಶುರುವಾದ ದಿನ ವರಾಂಡದ ಹಲಗೆಯ ಮೇಲೆ ‘ಹೊಸ ವರ್ಷದ ತರಗತಿಗಳು’ ಎಂದು ಬರೆಯಲು ಹೆಡ್ ಅಕ್ಕೋರು ಹೇಳಿದರು. ಬರೆದು, ಸುಣ್ಣ ಹಲಗೆಯ ದಂಡೆಗೆ ಇಟ್ಟು, ಉಗ್ರಾಣದ ಬಾಗಿಲಲ್ಲಿ ಬಂದು ನಿಂತೆ. ನನ್ನ ಕಡೆ ಇನ್ನೂ ಯಾರನ್ನೂ ಕಳಿಸಿರಲಿಲ್ಲ. ಮಕ್ಕಳು ಗುಂಪಾಗಿ ಬರುತ್ತಿದ್ದರು. ಆ ಹುಡುಗಿ ತಮ್ಮನ ಕೈ ಹಿಡಿದು ತಂದಳು, ಎರಡನೇ ಇಯತ್ತೆಯ ಬಾಗಿಲಲ್ಲಿ ಅವನನ್ನು ಒಳಗೆ ನೂಕಿ, “ಕುಂದರು. ಗದ್ದಲಾ ಮಾಡಬ್ಯಾಡ,” ಎಂದಳು. ಮೂರನೇ ಇಯತ್ತೆಯ ಕಡೆ ಗೆಳತಿಯರ ಜೊತೆ ಓಡುತ್ತಿದ್ದವಳು ಹಲಗೆಯ ಮುಂದೆ ನಿಂತಳು. ತಲೆ ಓರೆ ಮಾಡಿ ನೋಡಿದಳು. ದಂಡೆಯಿಂದ ಸುಣ್ಣ ತೆಗೆದುಕೊಂಡು, ತುದಿಗಾಲಲ್ಲಿ ನಿಂತು, ‘ವರ್ಷ’ದ ‘ವ’ಕ್ಕೆ ಎಡಗಡೆಯ ಮೂಲೆಯಲ್ಲಿ ಒಂದು ಸಣ್ಣ ಗೆರೆ ಎಳೆದಳು.

ಸುಣ್ಣ ಅಲ್ಲೇ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓಡಿದಳು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಾಣಲಿಲ್ಲ.